ಕಿವಿಗೊಟ್ಟು ನೋಡಿದ ಆರು ಕನ್ನಡ ಸಿನಿಮಾಗಳು

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯಲ್ಲಿ (2016) ಹಿನ್ನೆಲೆ ಸಂಗೀತವಿಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಬದಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಇಲ್ಲಿ ನಗಬೇಕು ಎಂದು ಸೂಚನೆ ಕೊಡಲು ಯಾವ ವಾದ್ಯವೂ ಮುಂದೆ ಬರುವುದಿಲ್ಲ. ಮಂಡ್ಯ ಸೀಮೆಯ ಮಾತಿನ ಏರಿಳಿತವೇ ಆ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಸದ್ದನ್ನು ಇಷ್ಟು ನಂಬಿದ ಸಿನಿಮಾ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಸಾಧ್ಯವಾಗಿದ್ದು ಸಿಂಕ್ ಸೌಂಡ್‌ನಿಂದ, ಅಂದರೆ ಚಿತ್ರೀಕರಣದ ಜಾಗದಲ್ಲೇ ಮಾತನ್ನು ಹಿಡಿದದ್ದರಿಂದ. ಇಲ್ಲಿ ನಟಿಸಿದವರು ಹಳ್ಳಿಯ ಜನ. ಇಂಥವರನ್ನು ಡಬ್ಬಿಂಗ್ ಕೋಣೆಯಲ್ಲಿ ನಿಲ್ಲಿಸಿದರೆ ತಮ್ಮದೇ ತುಟಿ ನೋಡಿಕೊಂಡು ಮಾತು ಹೊಂದಿಸುವ ಆತಂಕದಲ್ಲಿ ಧಾಟಿ ಸತ್ತುಹೋಗುತ್ತದೆ. ಡಬ್ಬಿಂಗ್‌ನಲ್ಲಿ ಇನ್ನೊಂದು ತೊಡಕಿದೆ. ಮೈಕ್ ಬಾಯಿಂದ ಸದಾ ಒಂದೇ ಅಳತೆಯಲ್ಲಿರುತ್ತದೆ. ತೆರೆಯ ಮೇಲೆ ಮನುಷ್ಯ ಇಪ್ಪತ್ತು ಹೆಜ್ಜೆ ದೂರ ಹೋದರೂ ದನಿ ಮಾತ್ರ ನಮ್ಮ ಕಿವಿಯ ಪಕ್ಕದಲ್ಲೇ ಉಳಿಯುತ್ತದೆ. ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ಸದ್ದುಗಳನ್ನು ಬೆರೆಸುವ ಹಂತದಲ್ಲಿ, ಜಾಗಕ್ಕೆ ತಕ್ಕಂತೆ ದನಿಯನ್ನು ತಗ್ಗಿಸಿ, ಗೋಡೆಯ ಮಾರ್ದನಿ ಸೇರಿಸಿ ಇದನ್ನು ಸರಿಪಡಿಸಬಹುದು. ಅವಸರದ ಸಿನಿಮಾಗಳು ಆ ಗೋಜಿಗೆ ಹೋಗುವುದಿಲ್ಲ. ‘ತಿಥಿ’ಯಲ್ಲಿ ಸೆಂಚುರಿ ಗೌಡನ ಮಗ ಗಡ್ಡಪ್ಪ ಕುರಿಗಾಹಿಗಳೆದುರು ಕೂತು ತನ್ನ ಹಳೆಯ ಕತೆ ಹೇಳುವ ದೃಶ್ಯವನ್ನೇ ತೆಗೆದುಕೊಳ್ಳಿ. ಫ್ಲ್ಯಾಶ್‌ಬ್ಯಾಕ್ ಇಲ್ಲ, ಪಿಟೀಲು ಇಲ್ಲ. ಒಬ್ಬ ಮುದುಕನ ದನಿಯೊಂದೇ ಅಷ್ಟೂ ಹೊತ್ತು ದೃಶ್ಯವನ್ನು ಹೊತ್ತು ನಿಲ್ಲುತ್ತದೆ.

ಕೊರತೆಯೂ ಇದೆ. ಗಡ್ಡಪ್ಪನ ಮಗ ತಮ್ಮಣ್ಣನ ಜಮೀನು ಮಾರಾಟದ ಓಡಾಟ ನಡುವೆ ಒಂದೇ ಲಯಕ್ಕೆ ಬೀಳುತ್ತದೆ. ತಮ್ಮಣ್ಣನ ಮಗ ಅಭಿ ಬೆನ್ನು ಹತ್ತುವ ಕುರಿಗಾಹಿ ಹುಡುಗಿಗೆ ತನ್ನದೆನ್ನುವ ದನಿ ಸಿಕ್ಕಿಲ್ಲ. ಎಲ್ಲರ ಮಾತನ್ನೂ ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡ ಸಿನಿಮಾದಲ್ಲಿ ಅದು ಎದ್ದು ಕಾಣುತ್ತದೆ.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ‘ತಿಥಿ’ಗೂ ಮೊದಲೇ ಇದೇ ಸಿಂಕ್ ಸೌಂಡನ್ನು ಕಡಲ ಪಕ್ಕಕ್ಕೆ ಒಯ್ದಿತ್ತು. ಕಡಲತಡಿಯಲ್ಲಿ ಇದು ಸುಲಭವಲ್ಲ. ಗಾಳಿ ನೇರ ಮೈಕ್‌ಗೆ ಬಡಿದರೆ ಗುಡುಗಿನಂಥ ಕೆಳಸ್ವರ ಮಾತನ್ನು ನುಂಗುತ್ತದೆ. ಅದಕ್ಕೇ ಉದ್ದ ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕ್‌ಗೆ ತುಪ್ಪಳದ ಕವಚ ಹಾಕುವುದು. ಅಲೆಗಳ ಸದ್ದು ಶಾಟ್‌ನಿಂದ ಶಾಟ್‌ಗೆ ಬದಲಾಗುವುದರಿಂದ, ಎಡಿಟಿಂಗ್‌ನಲ್ಲಿ ಎರಡು ಶಾಟ್ ಜೋಡಿಸಿದಾಗ ಬೆಸುಗೆ ಕಿವಿಗೆ ಚುಚ್ಚುತ್ತದೆ. ಪರಿಹಾರ ಸರಳ: ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರಿಯ ಜಾಗದ ಸದ್ದನ್ನು ರೆಕಾರ್ಡ್ ಮಾಡಿಕೊಂಡು, ದೃಶ್ಯದುದ್ದಕ್ಕೂ ಕೆಳಗೆ ಹಾಸಬೇಕು. ಆ ಒಂದು ನಿಮಿಷ ಕೊಡಲು ಒಪ್ಪದ ಸೆಟ್‌ಗಳಲ್ಲೇ ಸಿಂಕ್ ಸೌಂಡ್ ಕೆಟ್ಟ ಹೆಸರು ಪಡೆಯುತ್ತದೆ.

ಮಲ್ಪೆಯ ಆ ಲೋಕ ಇಂದಿಗೂ ತಾಜಾ ಅನ್ನಿಸಲು ಕರಾವಳಿಯ ಕನ್ನಡ ಮತ್ತು ಹುಲಿವೇಷದ ತಾಸೆ ವಾದ್ಯದ ಪೆಟ್ಟು ಎರಡೂ ಕಾರಣ. ಆ ಕಡೆಯ ಮಾತಿನ ಪರಿಚಯವಿಲ್ಲದವರು ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ನನ್ನ ತಕರಾರು ಬೇರೆಯದು. ಒಂದೇ ಘಟನೆಯನ್ನು ಹಲವರ ಕಣ್ಣಿಂದ ತೋರಿಸುವ ಚಿತ್ರ ಅದನ್ನು ಹಲವರ ಕಿವಿಯಿಂದ ಕೇಳಿಸುವುದಿಲ್ಲ. ಮಿತಭಾಷಿ ಮುನ್ನನ ಅಧ್ಯಾಯ ಅವನಂತೆಯೇ ತಣ್ಣಗಿರಬೇಕಿತ್ತು. ಅಜನೀಶ್ ಲೋಕನಾಥ್ ಸಂಗೀತ ಅಲ್ಲಿಗೂ ರೌಡಿ ರಿಚ್ಚಿಯ ಲೋಕದ ಬಿಸಿಯನ್ನೇ ತರುತ್ತದೆ.

‘ಕೆ.ಜಿ.ಎಫ್: ಚಾಪ್ಟರ್ 1’ (2018) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರವಿ ಬಸ್ರೂರು ಅವರ ತಾಳಕ್ಕೆ ಕಸುವಿದೆ, ಅನಂತ್ ನಾಗ್ ದನಿಗೆ ತೂಕವಿದೆ. ಆದರೆ ನಿರೂಪಣೆ, ಕೋರಸ್, ಡ್ರಮ್, ಸುತ್ತಿಗೆ ಎಲ್ಲವೂ ಒಂದೇ ಎತ್ತರದಲ್ಲಿ ಕೂಗುತ್ತವೆ. ತಗ್ಗಿದ್ದರಲ್ಲವೇ ಎತ್ತರ ಗೊತ್ತಾಗುವುದು! ನರಾಚಿಯ ಚಿನ್ನದ ಗಣಿಯೊಳಗೆ ನಾಯಕ ರಾಕಿ ಬಹುಪಾಲು ಮೌನಿ. ಆ ಮೌನವನ್ನು ನಂಬಿ ಸಂಗೀತ ಎರಡು ನಿಮಿಷ ಬಾಯಿ ಮುಚ್ಚಿದ್ದರೆ ಹೊಡೆತ ಇಮ್ಮಡಿಯಾಗುತ್ತಿತ್ತು.

ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಆ ಪಾಠ ಬಲ್ಲದ್ದು. ಮಾದೇವನನ್ನು ಕರೆಯುವ ‘ಸೋಜುಗಾದ ಸೂಜುಮಲ್ಲಿಗೆ’ ಜನಪದ ಗೀತೆಯನ್ನು ಹಿಂಸೆಯ ಮೇಲೆ ಹಾಸಿರುವುದು ಈ ಪಟ್ಟಿಯಲ್ಲೇ ಅತ್ಯಂತ ದಿಟ್ಟ ಆಯ್ಕೆ. ಚೈತ್ರಾ ಆಚಾರ್ ದನಿಯಲ್ಲಿ ಭಕ್ತಿ ಒಂದಿಷ್ಟೂ ಕದಲುವುದಿಲ್ಲ, ತೆರೆಯ ಮೇಲಿನ ರಕ್ತಕ್ಕೆ ಅದು ಪ್ರತಿಕ್ರಿಯಿಸುವುದೂ ಇಲ್ಲ. ಶಿವ ಎಂಬ ಪಾತ್ರದ ಭಯ ಹುಟ್ಟುವುದು ಅಲ್ಲೇ. ಹರಿ ಮತ್ತು ಶಿವ ಬೇರೆಯಾದ ಮೇಲೆ ಕತೆಯ ಬಿಗಿ ಸಡಿಲಗೊಳ್ಳುತ್ತದೆ. ನಿಧಾನಗತಿಯ ನಡಿಗೆ ಮತ್ತು ಮಿಥುನ್ ಮುಕುಂದನ್ ಅವರ ಸಂಗೀತ ಸೇರಿ ಮೊದಲು ತಾನೇ ಕಟ್ಟಿದ ಭಯವನ್ನು ಸ್ವಲ್ಪ ಸ್ಟೈಲ್ ಆಗಿಸಿಬಿಡುತ್ತವೆ.

‘ಕಾಂತಾರ’ದ (2022) ಕೊನೆಯ ಇಪ್ಪತ್ತು ನಿಮಿಷವನ್ನು ಥಿಯೇಟರ್‌ನಲ್ಲಿ ಕೇಳದವರಿಗೆ ಅರ್ಧ ಸಿನಿಮಾ ತಪ್ಪಿದೆ. ದೈವದ ‘ಓ’ ಎಂಬ ಕೂಗು ಕೆಲಸ ಮಾಡುವುದು ಬರಿಯ ಜೋರಿನಿಂದಲ್ಲ, ಅದರ ಹಿಂದೆ ಮುಂದೆ ಬಿಟ್ಟ ಖಾಲಿ ಜಾಗದಿಂದ. ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನದೇ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಹಾಗಾಗಿ ಆ ವರ್ಷದ ನವೆಂಬರ್‌ನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ರಾಗವಿತ್ತು. ಮೂಲ ಹಾಡು ನಂತರ ಮರಳಿತು. ಎರಡನ್ನೂ ಕೇಳಿದವರಿಗೆ ವ್ಯತ್ಯಾಸ ಸ್ಪಷ್ಟ. ದೃಶ್ಯದ ಕಟ್‌ಗಳು ಮೊದಲ ಹಾಡಿನ ತಾಳಕ್ಕೆ ಕೂತಿದ್ದವು. ತಾಳ ಬದಲಾದಾಗ ಹೆಜ್ಜೆ ಒಂದು ಕಡೆ, ಪೆಟ್ಟು ಒಂದು ಕಡೆಯಾಯಿತು. ಮೊದಲರ್ಧಕ್ಕೆ ಈ ಶಿಸ್ತಿಲ್ಲ. ಶಿವ ಲೀಲಾಳ ಸೊಂಟ ಚಿವುಟುವುದನ್ನು ತುಂಟತನವೆಂದು ದಾಟಿಸಿರುವುದು ತಪ್ಪು. ಎಷ್ಟೇ ದೊಡ್ಡ ಕೊನೆ ಬಂದರೂ ಅದು ಮಾಸುವುದಿಲ್ಲ.

ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ‘ಸೈಡ್ ಎ’, ‘ಸೈಡ್ ಬಿ’ ಎಂಬ ಎರಡು ಭಾಗಗಳಲ್ಲಿ ಬಂದು, ಹೆಸರಿನಲ್ಲೇ ಕ್ಯಾಸೆಟ್ಟಿನ ಎರಡು ಮಗ್ಗುಲು ಇಟ್ಟುಕೊಂಡದ್ದು. ಜೈಲಿನಲ್ಲಿರುವ ಮನುವಿನ ಪಾಲಿಗೆ ಪ್ರಿಯಾ ಎಂದರೆ ಟೇಪಿನ ದನಿ. ಮುಖ ಮಸುಕಾದರೂ ದನಿ ಉಳಿಯುತ್ತದೆ ಎಂಬ ಈ ಕಲ್ಪನೆ ಬಹಳ ಸುಂದರ. ‘ಸೈಡ್ ಎ’ಯಲ್ಲಿ ಚರಣ್ ರಾಜ್ ಹಾಡುಗಳು ಒಂದೊಂದಾಗಿ ಕೇಳಿದರೆ ಮನಸ್ಸಿಗಿಳಿಯುತ್ತವೆ. ಚಿತ್ರದೊಳಗೆ ಮಾತ್ರ ಪ್ರತಿ ನೋವಿಗೂ ಒಂದು ಹಾಡು ಒದಗಿ ಬರುವುದು ಹೆಚ್ಚಾಯಿತು. ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಮುಖದಲ್ಲೇ ಎಲ್ಲ ಹೇಳಿ ಮುಗಿಸಿರುತ್ತಾರೆ. ‘ಸೈಡ್ ಬಿ’ಯಲ್ಲಿ ಕ್ಯಾಸೆಟ್ ಹಿಂದೆ ಸರಿದು ಸೇಡು ಮುಂದೆ ಬರುತ್ತದೆ. ಸೋಮನ ಜೊತೆಗಿನ ಹೊಡೆದಾಟದ ಸದ್ದು ಬೇರೆ ಯಾವುದೋ ಸಿನಿಮಾದಿಂದ ಬಂದಂತಿದೆ. ಎರಡರಲ್ಲಿ ಒಂದನ್ನೇ ನೋಡುವುದಾದರೆ ‘ಸೈಡ್ ಎ’ ನೋಡಿ.

ಮನೆಯಲ್ಲಿ ನೋಡುವವರ ದೂರು ಒಂದೇ: ಮಾತು ಕೇಳಿಸುವುದಿಲ್ಲ, ಹಾಡು ಬಂದರೆ ಮನೆ ಅದುರುತ್ತದೆ. ಒಟಿಟಿಯಲ್ಲಿ ಬಹಳಷ್ಟು ಚಿತ್ರಗಳು 5.1, ಅಂದರೆ ಆರು ದಾರಿಯ ಸದ್ದಿನಲ್ಲಿ ಬರುತ್ತವೆ, ಅದರಲ್ಲಿ ಮಾತು ಇರುವುದು ಮುಖ್ಯವಾಗಿ ನಡುವಿನ ಸ್ಪೀಕರ್‌ನಲ್ಲಿ. ಟಿವಿಗೆ ಇರುವುದು ಎರಡೇ ಸ್ಪೀಕರ್. ಆರು ದಾರಿಯ ಸದ್ದನ್ನು ಎರಡಕ್ಕೆ ಇಳಿಸುವಾಗ ಮಾತು ಸಂಗೀತದ ಕೆಳಗೆ ಸಿಕ್ಕಿಕೊಳ್ಳಬಹುದು. ಆಪ್‌ನ ಆಡಿಯೋ ಪಟ್ಟಿಯಲ್ಲಿ ಸ್ಟೀರಿಯೋ ಇದ್ದರೆ ಅದನ್ನೇ ಆರಿಸಿ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ನೈಟ್ ಮೋಡ್ ಇದ್ದರೆ ‘ಕೆ.ಜಿ.ಎಫ್’ಗೆ ಹಾಕಿಕೊಳ್ಳಿ, ಜೋರಾದದ್ದನ್ನು ಅದು ತಗ್ಗಿಸುತ್ತದೆ. ‘ಕಾಂತಾರ’ದ ಕೊನೆಗೆ ಮಾತ್ರ ಅದನ್ನು ತೆಗೆದುಬಿಡಿ, ಇಲ್ಲವಾದರೆ ಆ ಕೂಗೂ ಮಾತಿನಷ್ಟೇ ಎತ್ತರಕ್ಕೆ ಇಳಿಯುತ್ತದೆ.

ಥಿಯೇಟರ್‌ನಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಸದ್ದಿನ ಎತ್ತರ ನಿಯಂತ್ರಿಸುವ ಡಾಲ್ಬಿ ಪ್ರೊಸೆಸರ್‌ನಲ್ಲಿ ಸಿನಿಮಾ ಮಿಕ್ಸ್ ಆದ ಅಳತೆ 7. ಅಬ್ಬರದ ಚಿತ್ರಕ್ಕೆ ಪ್ರೇಕ್ಷಕರು ತಕರಾರು ತೆಗೆದಾಗ ಪ್ರೊಜೆಕ್ಷನ್‌ನವರು ಅದನ್ನು 5ಕ್ಕೆ ಇಳಿಸಿ, ಮುಂದಿನ ಚಿತ್ರಕ್ಕೂ ಹಾಗೇ ಬಿಟ್ಟರೆ ಮೆತ್ತಗಿನ ಸಿನಿಮಾದ ಪಿಸುಮಾತು ಹಿಂದಿನ ಸಾಲಿಗೆ ತಲುಪುವುದಿಲ್ಲ. ಮೊದಲ ಐದು ನಿಮಿಷದಲ್ಲೇ ಎದ್ದು ಹೋಗಿ ಸೌಂಡ್ ಹೆಚ್ಚಿಸಲು ಕೇಳಿ, ಮಾಡಿಕೊಡುತ್ತಾರೆ. ‘ತಿಥಿ’ ನೋಡುವವರು ಮನೆಯ ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಳ್ಳಿ. ಕುರಿಗಾಹಿಗಳ ನಡುವೆ ಕೂತ ಗಡ್ಡಪ್ಪ ಎರಡು ಮಾತಿನ ಮಧ್ಯೆ ಎಳೆದುಕೊಳ್ಳುವ ಉಸಿರೂ ಕೇಳಬೇಕು.