ಸೋಲಾರ್ ಪೇಟೆಂಟ್ ಟ್ರೆಂಡ್ ತೋರಿಸುವ ಟೆಕ್ಸ್ಟ್ ಮೈನಿಂಗ್ ಸೇವೆ: ಗ್ರಾಫ್ ನಂಬಬೇಡಿ, ಕ್ಲಸ್ಟರ್ ತೆರೆಯಿರಿ

ಮೊದಲು ಸಿಟ್ಟು ತರಿಸಿದ ವಿಷಯವನ್ನೇ ಹೇಳಿಬಿಡುತ್ತೇನೆ. ಸಾವಿರಾರು ಪೇಟೆಂಟ್ ದಾಖಲೆಗಳ ಪದಗಳನ್ನು ಕಂಪ್ಯೂಟರ್‌ನಿಂದ ಜಾಲಾಡಿ, ಯಾವ ವಿಷಯಕ್ಕೆ ಯಾವ ವರ್ಷ ಎಷ್ಟು ಅರ್ಜಿ ಬಂದಿವೆ ಎಂದು ತೋರಿಸುವ ಸೇವೆ ಇದು. ಇದರಲ್ಲಿ ಸೋಲಾರ್‌ಗೆ ಸಂಬಂಧಿಸಿದ ಏನನ್ನೇ ಹುಡುಕಿ, ಕೊನೆಯ ಎರಡು ವರ್ಷಕ್ಕೆ ಬರುವಷ್ಟರಲ್ಲಿ ಗ್ರಾಫ್ ಧೊಪ್ಪನೆ ಬೀಳುತ್ತದೆ. ಪೆರೋವ್‌ಸ್ಕೈಟ್ (ಹೊಸ ಬಗೆಯ ಸೋಲಾರ್ ಸೆಲ್ ವಸ್ತು) ಹಾಕಿದರೂ ಅಷ್ಟೆ, ಪ್ಯಾನೆಲ್ ಮೇಲಿನ ಧೂಳು ಒರೆಸುವ ರೋಬೋಟ್ ಹಾಕಿದರೂ ಅಷ್ಟೆ. ಪಕ್ಕದಲ್ಲಿ ಕೆಂಪು ಬಾಣ ಬೇರೆ, 'ಆಸಕ್ತಿ ಕುಸಿಯುತ್ತಿದೆ' ಎಂಬ ಸಾಲಿನ ಜೊತೆ.

ಆಸಕ್ತಿ ಎಲ್ಲೂ ಕುಸಿದಿಲ್ಲ. ಪೇಟೆಂಟ್ ಅರ್ಜಿ ಮೊದಲು ಸಲ್ಲಿಸಿದ ದಿನದಿಂದ ಸಾಮಾನ್ಯವಾಗಿ 18 ತಿಂಗಳು ಗುಟ್ಟಾಗಿರುತ್ತದೆ, ಆಮೇಲೆ ಪ್ರಕಟವಾಗುತ್ತದೆ. ಹೋದ ವರ್ಷ ಸಲ್ಲಿಸಿದ ಅರ್ಜಿಗಳಲ್ಲಿ ಎಷ್ಟೋ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಸಲ್ಲಿಸಿದ ವರ್ಷ ಹಿಡಿದು ಎಣಿಸಿದರೆ ಗೆರೆಯ ಬಾಲ ಇಳಿಯಲೇಬೇಕು, ಅಲ್ವಾ? ಆ ಭಾಗವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿದ್ದರೆ ಸಾಕಿತ್ತು. ಸಹಾಯ ವಿಭಾಗಕ್ಕೆ ಬರೆದಾಗ 'ಡೇಟಾ ಸರಿಯಾಗಿಯೇ ಇದೆ' ಎಂದು ಉತ್ತರ ಬಂತು. ಡೇಟಾ ಸರಿ ಇರಬಹುದು, ಬಾಣ ತಪ್ಪು. ಅದನ್ನು ನಂಬಿ ಯಾರಾದರೂ ಒಳ್ಳೆಯ ಸಂಶೋಧನೆ ಕೈಬಿಟ್ಟರೆ ಹೊಣೆ ಯಾರು?

ಹಳೆಯ ವರ್ಷಗಳಲ್ಲೂ ಇದೇ ಗೋಳು. 2001ರ ಹತ್ತಿರ ಅಮೆರಿಕದ ಗೆರೆ ಜಿಗಿಯುತ್ತದೆ. 2000ದ ನವೆಂಬರ್ 29ಕ್ಕಿಂತ ಮುಂಚೆ ಅಲ್ಲಿ ಸಲ್ಲಿಸಿದ ಅರ್ಜಿ ಪೇಟೆಂಟ್ ಸಿಕ್ಕರೆ ಮಾತ್ರ ಹೊರಬರುತ್ತಿತ್ತು. ನಿಯಮ ಬದಲಾಗಿದ್ದು ಗ್ರಾಫ್‌ನಲ್ಲಿ ಸಂಶೋಧನೆಯ ಅಲೆಯಂತೆ ಕಾಣುತ್ತದೆ. ಈ ಬಗ್ಗೆಯೂ ಒಂದು ಸಾಲಿನ ಟಿಪ್ಪಣಿ ಇಲ್ಲ.

ಚಂದಾ ನಿಲ್ಲಿಸಬೇಕೆಂದೇ ಇದ್ದೆ. ನಿಲ್ಲಿಸದಿರಲು ಕಾರಣ ನನ್ನ ಬೆಳಗಿನ ಅರ್ಧ ಗಂಟೆ.

ಸುಮ್ನೆ 'ಸೋಲಾರ್' ಎಂದು ಹುಡುಕಿದರೆ ಟಾರ್ಚು, ಬ್ಯಾಗು ಎಲ್ಲಾ ಬಂದು ತುಂಬಿಕೊಳ್ಳುತ್ತವೆ. ಅದಕ್ಕೇ ಮೊದಲು ವೈ02ಇ 10/50 (Y02E 10/50) ಎಂಬ ಪೇಟೆಂಟ್ ವರ್ಗ ಸಂಖ್ಯೆ ಹಾಕುತ್ತೇನೆ. ಬೆಳಕಿನಿಂದ ನೇರವಾಗಿ ವಿದ್ಯುತ್ ಮಾಡುವ ತಂತ್ರಜ್ಞಾನಕ್ಕೆಲ್ಲ ಆ ಗುರುತು ಇರುತ್ತದೆ. ಆಮೇಲೆ ಒಂದು ಹೊಸ ಕ್ಲಸ್ಟರ್, ಅಂದರೆ ಒಂದೇ ಬಗೆಯ ಪದಗಳಿರುವ ದಾಖಲೆಗಳ ಗುಂಪು, ತೆರೆಯುತ್ತೇನೆ. ಮೇಲೆ ಬರುವ ಪದಗಳಲ್ಲಿ ಕಸ ತುಂಬಾ: 'ಸದರಿ', 'ಒಳಗೊಂಡ', 'ಮೊದಲನೇ ಭಾಗ' ಎಂಬರ್ಥದ ಇಂಗ್ಲಿಷ್ ವಕೀಲರ ಪದಗಳು. ಒಂದೊಂದನ್ನೂ ಆರಿಸಿ, ಕೈಬಿಡಬೇಕಾದ ಪದಗಳ ಪಟ್ಟಿಗೆ ಸೇರಿಸುತ್ತೇನೆ. ಮತ್ತೆ ಓಡಿಸಿದಾಗ ಬೆಳ್ಳಿ, ತಾಮ್ರ, ನಿಕಲ್ ಎಂಬ ಪದಗಳು ಒಟ್ಟಿಗೆ ಮೇಲೆ ಬಂದರೆ ಎಷ್ಟು ಖುಷಿಯಾಗುತ್ತದೆ ಗೊತ್ತಾ!

ಆ ಗುಂಪಿನ ಕೆಲವು ದಾಖಲೆ ತೆರೆದು ಹಿನ್ನೆಲೆ ಭಾಗ ಓದುತ್ತೇನೆ. ಬರೆದವರು ಯಾವ ಕಷ್ಟ ಎದುರಿಸಿ ಇಲ್ಲಿಗೆ ಬಂದರು ಅನ್ನೋದು ಅಲ್ಲಿರುತ್ತದೆ. ಸೆಲ್ ಮೇಲಿನ ಬೆಳ್ಳಿ ಗೆರೆ ದುಬಾರಿ. ತಾಮ್ರ ಅಗ್ಗ, ಆದರೆ ಸಿಲಿಕಾನ್ ಒಳಗೆ ಇಳಿದು ಸೆಲ್ ಹಾಳುಮಾಡುತ್ತದೆ. ಹಾಗಾಗಿ ನಡುವೆ ತಡೆಯಾಗಿ ನಿಕಲ್ ಪದರ. ಮೂರೂ ಪದ ಯಾಕೆ ಜೊತೆಗಿದ್ದವು ಅಂತ ಆಗ ಅರ್ಥವಾಗುತ್ತದೆ.

ಪೆರೋವ್‌ಸ್ಕೈಟ್ ಕ್ಲಸ್ಟರ್ ಇನ್ನೂ ಚೆನ್ನ. 2009ರಲ್ಲಿ ಆ ಸೆಲ್‌ಗಳ ದಕ್ಷತೆ ಶೇ. 3.8 ಇತ್ತು, ಈಗ ಪ್ರಯೋಗಾಲಯದಲ್ಲಿ ಶೇ. 25 ದಾಟಿದೆ. ಆದರೆ ನಾನು ತೆರೆದ ಹೊಸ ದಾಖಲೆಗಳಲ್ಲಿ ದಕ್ಷತೆಗಿಂತ ತೇವ, ಬಿಸಿ, ಸೀಸದ ಸೋರಿಕೆಯ ಚಿಂತೆಯೇ ಜಾಸ್ತಿ. ಇಂಥದ್ದನ್ನು ಯಾವ ಬಾಣವೂ ಹೇಳುವುದಿಲ್ಲ. ಸಾವಿರಾರು ದಾಖಲೆಗಳ ರಾಶಿಯಿಂದ ಓದಬೇಕಾದವನ್ನು ಹೆಕ್ಕಿ ಮುಂದಿಡುವ ಕೆಲಸವನ್ನು ಈ ಸೇವೆ ನಿಜಕ್ಕೂ ಚೆನ್ನಾಗಿ ಮಾಡುತ್ತದೆ.

ನಾನು ಕೈಯಿಂದ ದುಡ್ಡು ಕೊಡುವವನು. ಹಾಗಾಗಿ ಗ್ರಾಫ್ ಇರುವ ದೊಡ್ಡ ಪ್ಲಾನ್ ಬಿಟ್ಟು, ಕ್ಲಸ್ಟರ್ ಮಾತ್ರ ಕೊಡುವ ಚಿಕ್ಕ ಪ್ಲಾನ್‌ಗೆ ಇಳಿದಿದ್ದೇನೆ. ಎಣಿಕೆ ಬೇಕಾದರೆ ಪಟ್ಟಿ ಇಳಿಸಿಕೊಂಡು, ಒಂದೇ ಆವಿಷ್ಕಾರಕ್ಕೆ ಬೇರೆ ಬೇರೆ ದೇಶಗಳಲ್ಲಿ ಹಾಕಿದ ಅರ್ಜಿಗಳನ್ನು ಒಂದೇ ಕುಟುಂಬವಾಗಿ ಲೆಕ್ಕ ಹಿಡಿದು, ಕೊನೆಯ ಎರಡು ವರ್ಷ ಬಿಟ್ಟು ನಾನೇ ಗೆರೆ ಎಳೆಯುತ್ತೇನೆ. ಐದಕ್ಕೆ ಮೂರು ಸ್ಟಾರ್. ನೀವು ಆಗೊಮ್ಮೆ ಈಗೊಮ್ಮೆ ನೋಡುವವರಾದರೆ ಚಂದಾ ಕಟ್ಟುವ ಮುಂಚೆ ಯುರೋಪಿಯನ್ ಪೇಟೆಂಟ್ ಕಚೇರಿಯ ಹುಡುಕಾಟ ತಾಣವಾದ ಎಸ್ಪಾಸ್‌ನೆಟ್‌ನಲ್ಲಿ ಅದೇ ವರ್ಗ ಸಂಖ್ಯೆ ಹಾಕಿ ನೋಡಿ, ಅದು ಉಚಿತ.