ಶಿಲಾಯುಗದ ಮಕ್ಕಳ ಕಥೆ ಬರೆಯುವವರಿಗೊಂದು ಸಂಗ್ರಹಾಲಯ

ಶಿಲಾಯುಗದಲ್ಲಿ ನಡೆಯುವ ಮಕ್ಕಳ ಕಾದಂಬರಿಗೆ ಸಿದ್ಧತೆ ನಡೆಸುತ್ತಿರುವವರಿಗೆ ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿರುವ, 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಪ್ರಾಣಿ, ಸಸ್ಯ, ಭೂರಚನೆಗಳನ್ನು ಮಾದರಿಗಳ ಮೂಲಕ ವಿವರಿಸುವ ಇಲ್ಲಿನ ವಿಭಾಗಗಳು, ಬೇಟೆಗಾರನ ಮಗಳೊಬ್ಬಳು ಕಾಡುದಾರಿಯಲ್ಲಿ ಏನೇನು ಕಂಡಿರಬಹುದೆಂದು ಊಹಿಸಲು ಗಟ್ಟಿಯಾದ ನೆಲೆಯನ್ನು ಒದಗಿಸುತ್ತವೆ. ಡೈನೊಸಾರ್‌ಗಳು ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನಮ್ಮ ಮಾನವ ಪ್ರಭೇದ ಕಾಣಿಸಿಕೊಂಡದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಮಕ್ಕಳಿಗೆ ಬರೆಯುವವರು ಈ ಅಂತರವನ್ನು ಮರೆತು ಶಿಲಾಯುಗದ ಕಥೆಯೊಳಗೆ ಡೈನೊಸಾರ್‌ಗಳನ್ನು ತರಬಾರದು.

ಮನುಷ್ಯರ ದಿನನಿತ್ಯದ ಬದುಕು ಈ ಸಂಗ್ರಹಾಲಯದ ಮುಖ್ಯ ವಿಷಯವಲ್ಲ. ಅದಕ್ಕಾಗಿ ಕಾವೇರಿ, ಕಪಿಲೆಯರ ಸಂಗಮದಲ್ಲಿರುವ ತಿ. ನರಸೀಪುರದ ನವಶಿಲಾಯುಗದ (ಶಿಲಾಯುಗದ ಕೊನೆಯ ಹಂತದ) ನೆಲೆಯಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದ ವರದಿಯನ್ನು ಓದಬೇಕು. ಅಲ್ಲಿ ದೊರೆತ ಸುಟ್ಟ ಮಣ್ಣಿನ ತಲೆದಿಂಬೊಂದರಿಂದಲೇ ಇಡೀ ಅಧ್ಯಾಯವೊಂದನ್ನು ಬೆಳೆಸಬಹುದು.