ಎಜುರೋಮ್ ವೈಫೈ: ಎಂಟು ವರ್ಷಗಳ ಬಳಕೆ, ಮೂರು ಅಪ್‌ಡೇಟ್‌ಗಳ ಪರದಾಟ

2016ರಿಂದ 2024ರವರೆಗೆ, ಎಂಟು ವರ್ಷ ಎಜುರೋಮ್ ವೈಫೈಯನ್ನು ದಿನವೂ ಬಳಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯೊಂದು ತನ್ನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅವರವರದೇ ಆಗಿ ಕೊಟ್ಟ ಹೆಸರು ಮತ್ತು ಪಾಸ್‌ವರ್ಡ್ ನೂರಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ ಎಂಬುದೇ ಈ ಸೇವೆಯ ಹೆಚ್ಚುಗಾರಿಕೆ. 2018ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಕೂರುವಷ್ಟರಲ್ಲಿ, ಯಾರನ್ನೂ ಕೇಳದೆ, ಯಾವ ಫಾರಂ ತುಂಬದೆ ಅಂತರ್ಜಾಲ ಬಂದಿತ್ತು. ಆ ಸೌಕರ್ಯದ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ತಕರಾರು ಇರುವುದು ಫೋನು ಅಥವಾ ಲ್ಯಾಪ್‌ಟಾಪಿನ ಕಾರ್ಯಾಚರಣಾ ವ್ಯವಸ್ಥೆ ಅಪ್‌ಡೇಟ್ ಆದಾಗಲೆಲ್ಲ ನಮ್ಮ ಕ್ಯಾಂಪಸ್ಸಿನಲ್ಲಿ ಆಗುತ್ತಿದ್ದ ಫಜೀತಿಯ ಬಗ್ಗೆ.

ಮೊದಲ ಪೆಟ್ಟು ಬಿದ್ದದ್ದು 2021ರಲ್ಲಿ. ಫೋನು ಆಂಡ್ರಾಯ್ಡ್ 11ಕ್ಕೆ ಬಂದು ಕೆಲವು ವಾರಗಳಾಗಿದ್ದವು, ವೈಫೈ ಸರಿಯಾಗಿಯೇ ಇತ್ತು. ಸಂಸ್ಥೆಯ ನಿಯಮದಂತೆ ಪಾಸ್‌ವರ್ಡ್ ಬದಲಿಸಿದ ಮೇಲೆ ಸಂಪರ್ಕ ಸಿಗಲಿಲ್ಲ. ಎಲ್ಲರೂ ಮಾಡುವಂತೆ ನಾನೂ ಆ ನೆಟ್‌ವರ್ಕನ್ನು ಫೋನಿನಿಂದ ಅಳಿಸಿ ಹೊಸದಾಗಿ ಸೇರಿಸಲು ಹೋದೆ. ತಪ್ಪಾದದ್ದು ಅಲ್ಲೇ. ನಮಗೆ ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ ಸರ್ಟಿಫಿಕೇಟ್ ಎಂಬಲ್ಲಿ 'ಡು ನಾಟ್ ವ್ಯಾಲಿಡೇಟ್' (ಪರಿಶೀಲಿಸಬೇಡ) ಆರಿಸಿ ಎಂದಿತ್ತು, ಆದರೆ ಹೊಸ ಪರದೆಯಲ್ಲಿ ಆ ಆಯ್ಕೆಯೇ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಗೂಗಲ್ ಮೊದಲು ತನ್ನ ಪಿಕ್ಸೆಲ್ ಫೋನುಗಳಿಂದ ಅದನ್ನು ತೆಗೆದಿತ್ತು, ಬೇರೆ ಫೋನುಗಳಿಗೆ ಆ ಬದಲಾವಣೆ ಆಮೇಲೆ ಬಂತು. ಮೊದಲೇ ಉಳಿಸಿಟ್ಟ ಸಂಪರ್ಕಗಳು ಹಾಗೆಯೇ ನಡೆಯುತ್ತಿದ್ದುದರಿಂದ, ಅಳಿಸಿದವರಿಗೆ ಮಾತ್ರ ಬಾಗಿಲು ಮುಚ್ಚಿಕೊಂಡಿತು. ಸಹಾಯ ಕೇಂದ್ರದವರು 'ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ' ಎಂದರು. ಮಾಡಿಸಿದ್ದರೂ ಏನೂ ಆಗುತ್ತಿರಲಿಲ್ಲ.

ಆ ಆಯ್ಕೆಯನ್ನು ತೆಗೆದದ್ದು ಏಕೆ ಸರಿ ಎಂಬುದು ನನಗೆ ತಿಳಿಯಲು ಸ್ವಲ್ಪ ಓದಬೇಕಾಯಿತು. ಎಜುರೋಮ್‌ನಲ್ಲಿ ನಮ್ಮ ಪಾಸ್‌ವರ್ಡನ್ನು ಪರೀಕ್ಷಿಸುವುದು ನಾವು ಕುಳಿತ ಕಟ್ಟಡದ ವೈಫೈ ಉಪಕರಣವಲ್ಲ, ಎಲ್ಲಿಗೇ ಹೋದರೂ ನಮ್ಮ ಮೂಲ ಸಂಸ್ಥೆಯ ರೇಡಿಯಸ್ ಸರ್ವರ್, ಅಂದರೆ ಲಾಗಿನ್ ಪರೀಕ್ಷಿಸುವ ಕಂಪ್ಯೂಟರ್. ಅಲ್ಲಿಯವರೆಗೆ ನಮ್ಮ ಗುರುತು ಒಂದು ಗೂಢಲಿಪಿಯ ಸುರಂಗದೊಳಗೆ ಪ್ರಯಾಣಿಸುತ್ತದೆ. ಸುರಂಗದ ಆಚೆ ತುದಿಯಲ್ಲಿರುವುದು ನಿಜವಾಗಿಯೂ ನಮ್ಮ ಸರ್ವರ್ ಹೌದೋ ಅಲ್ಲವೋ ಎಂದು ಫೋನಿಗೆ ಹೇಳುವ ಸಾಕ್ಷಿ ಆ ಸರ್ಟಿಫಿಕೇಟ್ ಒಂದೇ. ಅದನ್ನು ನೋಡಬೇಡ ಎಂದರೆ, ಬಸ್ ನಿಲ್ದಾಣದಲ್ಲಿ ಯಾರೋ ಅದೇ ಹೆಸರಿನ ವೈಫೈ ಹುಟ್ಟುಹಾಕಿ ಕುಳಿತರೂ ಜೇಬಿನೊಳಗಿನ ಫೋನು ತಾನಾಗಿಯೇ ಅದಕ್ಕೆ ಗುರುತು ಹೇಳಲು ಹೊರಡುತ್ತದೆ. ಹಾಗೆ ಸಿಕ್ಕ ಎಂಎಸ್-ಚಾಪ್ (ಪಾಸ್‌ವರ್ಡ್ ಪರೀಕ್ಷಿಸುವ ಒಂದು ವಿಧಾನ) ವಿನಿಮಯವನ್ನು ಮುರಿಯಲು ಸಾಧ್ಯವೆಂದು 2012ರಲ್ಲೇ ತೋರಿಸಿಯಾಗಿತ್ತು. ಐದು ವರ್ಷ ನಾವು ಅಗುಳಿಯಿಲ್ಲದ ಬಾಗಿಲನ್ನು 'ಸುರಕ್ಷಿತ ವೈಫೈ' ಎಂದು ಕರೆಯುತ್ತಿದ್ದೆವು.

ಪರಿಹಾರ ಹತ್ತು ನಿಮಿಷದ್ದು. ಸರ್ಟಿಫಿಕೇಟ್ ಎಂಬಲ್ಲಿ 'ಯೂಸ್ ಸಿಸ್ಟಮ್ ಸರ್ಟಿಫಿಕೇಟ್ಸ್' ಆರಿಸಿ, ಅದರ ಕೆಳಗಿನ ಡೊಮೇನ್ ಖಾನೆಯಲ್ಲಿ ಸರ್ವರಿನ ಹೆಸರು ಬರೆದರೆ ಸಾಕು. ಆದರೆ ಇದು ನಡೆಯುವುದು ಆ ಸರ್ಟಿಫಿಕೇಟನ್ನು ಎಲ್ಲರೂ ಒಪ್ಪುವ ಪ್ರಾಧಿಕಾರ ಕೊಟ್ಟಿದ್ದರೆ ಮಾತ್ರ. ನಮ್ಮದು ಸಂಸ್ಥೆ ತಾನೇ ಬರೆದುಕೊಂಡದ್ದಾಗಿತ್ತು. ಆದ್ದರಿಂದ ಮೂಲ ಸರ್ಟಿಫಿಕೇಟಿನ ಫೈಲನ್ನು ಕೇಳಿ ಪಡೆದು, ಫೋನಿನ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಸರ್ಟಿಫಿಕೇಟ್' ಎಂಬ ಜಾಗದಲ್ಲಿಯೇ ಸೇರಿಸಬೇಕಾಯಿತು. ಡೊಮೇನ್ ಹೆಸರು ಏನೆಂದು ಹೇಳಬಲ್ಲವರು ಇಡೀ ವಿಭಾಗದಲ್ಲಿ ಒಬ್ಬರೇ ಇದ್ದರು, ಅವರು ರಜೆಯಲ್ಲಿದ್ದರು.

2022ರ ಮೇ ತಿಂಗಳಲ್ಲಿ ಲ್ಯಾಪ್‌ಟಾಪಿನ ಸರದಿ. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 22.04 ಆವೃತ್ತಿ ಹಾಕಿದ ಮರುಗಳಿಗೆಯೇ ವೈಫೈ ಪಾಸ್‌ವರ್ಡನ್ನು ಮತ್ತೆ ಮತ್ತೆ ಕೇಳತೊಡಗಿತು. ಪಾಸ್‌ವರ್ಡ್ ತಪ್ಪಿರಲಿಲ್ಲ, ಪರದೆ ಹೇಳುವುದನ್ನು ಇಂಥ ಹೊತ್ತಿನಲ್ಲಿ ನಂಬಬಾರದು. ಟರ್ಮಿನಲ್‌ನಲ್ಲಿ ವೈಫೈ ಲಾಗಿನ್ ನಡೆಸುವ ತಂತ್ರಾಂಶವಾದ ಡಬ್ಲ್ಯೂಪಿಎ ಸಪ್ಲಿಕೆಂಟ್‌ನ ಲಾಗ್ ತೆಗೆದು ನೋಡಿದಾಗ 'ಅನ್‌ಸೇಫ್ ಲೆಗಸಿ ರೀನೆಗೋಷಿಯೇಶನ್ ಡಿಸೇಬಲ್ಡ್' ಎಂಬ ಸಾಲು ಸಿಕ್ಕಿತು. ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್ ಎಂಬ ನಿಯಮಾವಳಿಯ ಮರುಸಂಧಾನದಲ್ಲಿ (ರೀನೆಗೋಷಿಯೇಶನ್) 2009ರಲ್ಲಿ ಬಯಲಾದ ದೋಷಕ್ಕೆ 2010ರಲ್ಲೇ ಪರಿಹಾರ ಬಂದಿತ್ತು. ಆ ಪರಿಹಾರವನ್ನು ಅಳವಡಿಸಿಕೊಳ್ಳದ ಸರ್ವರುಗಳೊಂದಿಗೆ ಮಾತನಾಡುವುದನ್ನು ಉಬುಂಟು 22.04ರ ಜೊತೆ ಬಂದ, ಟಿಎಲ್‌ಎಸ್ ಕೆಲಸ ಮಾಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3.0 ನಿಲ್ಲಿಸಿತು. ಅಂದರೆ ನಮ್ಮ ಸರ್ವರ್ ಹನ್ನೆರಡು ವರ್ಷ ಹಿಂದೆ ಉಳಿದಿತ್ತು. ಓಪನ್‌ಎಸ್‌ಎಸ್‌ಎಲ್‌ನ ಸಂರಚನಾ ಫೈಲಿನಲ್ಲಿ ಒಂದು ಸಾಲು ಸೇರಿಸಿ ಈ ಕಟ್ಟುನಿಟ್ಟನ್ನು ಸಡಿಲಿಸಬಹುದು. ನಾನು ಎರಡು ವಾರ ಹಾಗೆಯೇ ಕಳೆದೆ, ಆದರೆ ಅದು ವೈಫೈಯೊಂದಕ್ಕೆ ಕೊಟ್ಟ ರಿಯಾಯಿತಿಯಲ್ಲ, ಆ ಫೈಲನ್ನು ಓದುವ ಎಲ್ಲ ತಂತ್ರಾಂಶಗಳಿಗೂ ಕೊಟ್ಟ ರಿಯಾಯಿತಿ. ಬ್ಯಾಂಕ್ ಕೆಲಸವನ್ನು ಅಷ್ಟು ದಿನ ಫೋನಿನಲ್ಲೇ ಮಾಡಿಕೊಂಡೆ. ಲಾಗ್‌ನ ಪ್ರತಿಯೊಂದಿಗೆ ಬರೆದುಕೊಟ್ಟ ಮೇಲೆ ಸರ್ವರಿನ ತಂತ್ರಾಂಶವನ್ನು ಬದಲಿಸಿದರು, ನಾನು ಆ ಸಾಲನ್ನು ಅಳಿಸಿದೆ.

ಮೂರನೆಯದು ನನ್ನದಲ್ಲ, ಸಹೋದ್ಯೋಗಿಯದು. ವಿಂಡೋಸ್ 11ರ 22ಎಚ್2 ಆವೃತ್ತಿ ಎಜುಕೇಶನ್ ಮತ್ತು ಎಂಟರ್‌ಪ್ರೈಸ್ ಬಗೆಗಳಲ್ಲಿ ಲಾಗಿನ್ ಗುರುತುಗಳನ್ನು ಬೇರೆಯಾಗಿ ಕಾಯ್ದಿಡುವ ಕ್ರೆಡೆನ್ಶಿಯಲ್ ಗಾರ್ಡನ್ನು ತಾನಾಗಿ ಆನ್ ಮಾಡುವುದರಿಂದ, ವಿಂಡೋಸ್ ಲಾಗಿನ್‌ನ ಪಾಸ್‌ವರ್ಡೇ ವೈಫೈಗೂ ಹೋಗುವ ಹಳೆಯ ಅನುಕೂಲ ನಿಂತುಹೋಗಿ, ಅವರು ಪ್ರತಿ ಬೆಳಗ್ಗೆ ಅದನ್ನು ಟೈಪಿಸಬೇಕಾಯಿತು. ಇದಕ್ಕೆ ನಿಜವಾದ ಮದ್ದು ಪಾಸ್‌ವರ್ಡ್ ಬಿಟ್ಟು ಪ್ರತಿಯೊಬ್ಬರಿಗೂ ಅವರದೇ ಸರ್ಟಿಫಿಕೇಟ್ ಕೊಡುವ ಇಎಪಿ-ಟಿಎಲ್‌ಎಸ್. ನಮ್ಮಲ್ಲಿ ಅದು ಇನ್ನೂ ಚರ್ಚೆಯ ಹಂತದಲ್ಲಿದೆ.

ಈಗ ಹೊಸಬರು ಸೇರಿದಾಗ ಸೂಚನೆಯ ಹಾಳೆ ಕೊಡುವುದಿಲ್ಲ, ಗೆಟ್‌ಎಜುರೋಮ್ ಆ್ಯಪ್ ಹಾಕಿಸುತ್ತಾರೆ; ಸಂಸ್ಥೆಯ ಹೆಸರು ಆರಿಸಿದರೆ ಸರ್ಟಿಫಿಕೇಟ್, ಡೊಮೇನ್ ಎಲ್ಲವನ್ನೂ ಅದೇ ತುಂಬಿಕೊಳ್ಳುತ್ತದೆ. ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ, ಅದನ್ನು ನಮ್ಮಲ್ಲಿ ನಡೆಸಿದ ಬಗೆಗೆ ಎರಡು. ಸರ್ವರಿನ ಈಗಿನ ಸರ್ಟಿಫಿಕೇಟ್ ಎಂದು ಮುಗಿಯುತ್ತದೆ ಎಂಬುದನ್ನು ಈ ಬಾರಿ ನಾನೇ ಕೇಳಿ ತಿಳಿದುಕೊಂಡು, ಅದಕ್ಕೆ ಒಂದು ತಿಂಗಳು ಮೊದಲಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.